ಹಾರೆ ಎತ್ತಿದವನ ಮುಖ

ಮೊನ್ನೆ ನಮ್ಮ ಹಳೆಯ ವಿಭಾಗಕ್ಕೆ ಹೋಗಿದ್ದೆ. ಹೊಸದಾಗಿ ಸೇರಿದ ಮನಃಶಾಸ್ತ್ರದ ಉಪನ್ಯಾಸಕಿಯೊಬ್ಬಳು ಚಹಾ ತರಿಸಿ, ಎದುರು ಕೂತು, ವಿನಯದಿಂದ ಕೇಳಿದಳು: "ಸರ್, ನಿಮ್ಮ ಸಂಶೋಧನೆಯ ಆಸಕ್ತಿ ಯಾವುದ್ರಿ?" ಈ ಪ್ರಶ್ನೆ ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಆಸಕ್ತಿಯಂತೆ ಆಸಕ್ತಿ! ಅದೇನು ತಟ್ಟೆಯಲ್ಲಿಟ್ಟ ಮಿಠಾಯಿಯೇ, ಬೇಕಾದದ್ದನ್ನು ಆರಿಸಿಕೊಳ್ಳಲಿಕ್ಕೆ? ನನ್ನ ವಿಷಯವನ್ನು ನಾನು ಆರಿಸಲಿಲ್ಲ. ಅದು ಶಹಾಬಾದಿನ ಒಂದು ಶಾಲೆಯೊಳಗೆ ಹಾರೆ ಹಿಡಿದು ನುಗ್ಗಿ ಬಂದು ನನ್ನ ಬಲಗಣ್ಣು ಕಿತ್ತುಕೊಂಡು ಹೋಯಿತು. ಅಷ್ಟಕ್ಕೇ ಬಿಡಲಿಲ್ಲ. ನನ್ನ ಪ್ರಾಣ ಉಳಿಸಿದ ಮನುಷ್ಯನನ್ನು ಜೈಲಿಗೆ ಕಳಿಸಲು ನನ್ನ ಗುರುಗಳನ್ನೇ ಎಬ್ಬಿಸಿ ನಿಲ್ಲಿಸಿತು. ಇದನ್ನೆಲ್ಲ ಆ ಹುಡುಗಿಗೆ ಹೇಳಲಾಗಲಿಲ್ಲ. "ನೆನಪು" ಎಂದಷ್ಟೇ ಹೇಳಿ ಚಹಾ ಕುಡಿದು ಎದ್ದು ಬಂದೆ. ಹೇಳದೆ ಬಂದದ್ದು ಎದೆಯಲ್ಲೇ ಉಳಿದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ಹೈದರಾಬಾದ್ ಇನ್ನೂ ಬೇರೆ ರಾಜ್ಯವಾಗಿತ್ತು, ನಮ್ಮ ಕಡೆಯವರಿಗೆ ಅದೇ ರಾಜಧಾನಿ. ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದೆ. ನಮ್ಮೂರು ಚಿತ್ತಾಪುರ ತಾಲೂಕಿನಲ್ಲಿ, ಸನ್ನತಿಯ ಹತ್ತಿರ, ಭೀಮೆಯ ದಂಡೆಗೆ. ನಾವು ಹೊಳೆಯ ಮಂದಿ. ಅಪ್ಪ ಹರಿಗೋಲು ಹಾಕುತ್ತಿದ್ದ. ನಾನು ಮನಸ್ಸಿನ ಶಾಸ್ತ್ರ ಓದುತ್ತೇನೆ ಎಂದು ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. "ಅದಕ್ಕ ಹೈದರಾಬಾದಿಗಿ ಯಾಕ ಹೋಗಬೇಕೋ ಹುಚ್ಚಾ? ನಿಮ್ಮವ್ವನ ಮುಂದ ಒಂದೀಟ ಹೊತ್ತು ಕುಂದ್ರು, ಮನಸ್ಸಂದ್ರ ಏನು ಅಂತ ಎಲ್ಲಾ ತಿಳಿತದ" ಎಂದ. ಅವ್ವ ಒಳಗಿನಿಂದ ಲಟ್ಟಣಿಗೆ ತೋರಿಸಿದಳು.

ನಮ್ಮ ವಿಭಾಗವೆಂದರೆ ಎರಡು ಕೋಣೆ, ಒಂದು ಕಬ್ಬಿಣದ ಕಪಾಟು. ಕಲಿಸುವವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಹಿರಿಯರೊಬ್ಬರು ದಣಿವನ್ನು ಅಳೆಯುತ್ತಿದ್ದರು: ನಮ್ಮ ಬೆರಳಿಗೆ ದಾರ ಕಟ್ಟಿ, ದಾರಕ್ಕೆ ತೂಕ ಕಟ್ಟಿ, ಬೆರಳು ಸೋಲುವ ತನಕ ಎಳೆಸುವುದು. ಇನ್ನೊಬ್ಬರಿಗೆ ಮಕ್ಕಳ ಬುದ್ಧಿಯ ಪರೀಕ್ಷೆ. ಯಾರ ಮನೆಗೆ ಊಟಕ್ಕೆ ಹೋದರೂ ಆ ಮನೆಯ ಕೂಸಿನ ಮುಂದೆ ಕಟ್ಟಿಗೆಯ ತುಂಡು ಹರವಿ ಕೂರುತ್ತಿದ್ದರು. ನಮ್ಮ ಗುರುಗಳು ಮೈಸೂರಿನ ಕಡೆಯವರು. ಕಾರ್ಯಾಚರಣೆಯ ನಂತರ ಹೊರಗಿನಿಂದ ಬಂದ ಅಧಿಕಾರಿಗಳ, ಮಾಸ್ತರರ ಜೊತೆ ಬಂದವರು. ಅವರ ಹುಚ್ಚು ಸಾಕ್ಷಿಯ ನೆನಪು. ಕಣ್ಣಾರೆ ಕಂಡೆ ಎನ್ನುವವನು ನಿಜವಾಗಿ ಎಷ್ಟು ಕಂಡಿರುತ್ತಾನೆ, ಎಷ್ಟನ್ನು ತಾನೇ ಕಟ್ಟಿಕೊಂಡಿರುತ್ತಾನೆ ಎನ್ನುವುದು ಅವರ ಒಂದೇ ಪ್ರಶ್ನೆ. ನನ್ನನ್ನು ಮಗನ ಹಾಗೆ ನೋಡಿಕೊಂಡರು. ಊಟವಿಲ್ಲದ ದಿನ ಮನೆಗೆ ಕರೆದು ಸಾರನ್ನ ಹಾಕಿಸಿದರು. ಅವರ ಮೇಲಿನ ಸಿಟ್ಟಿನಲ್ಲಿ ಇದನ್ನು ಮರೆತರೆ ನನ್ನ ನಾಲಿಗೆಗೆ ಹುಳು ಬೀಳುತ್ತದೆ.

ಅವರ ಪಾಠದಲ್ಲಿ ಒಂದು ಸಣ್ಣ ನಾಟಕವಿತ್ತು. ತರಗತಿ ನಡೆಯುತ್ತಿರುವಾಗಲೇ ಇಬ್ಬರು ಜಗಳಾಡುತ್ತ ಒಳಗೆ ನುಗ್ಗುವುದು. ಒಬ್ಬನ ಕೈಯಲ್ಲಿ ಬಾಳೆಹಣ್ಣು. ಅದನ್ನು ಚೂರಿಯ ಹಾಗೆ ಎತ್ತಿ ಇನ್ನೊಬ್ಬನನ್ನು ತಿವಿಯುವುದು, ಅವನು ಬೀಳುವುದು. ಗುರುಗಳು ಗಂಟೆ ಬಾರಿಸಿ, "ಎಲ್ಲ ನಾಟಕ ಕಣ್ರಪ್ಪ, ಕಂಡದ್ದನ್ನು ಬರೀರಿ" ಎನ್ನುವುದು. ಅರ್ಧಕ್ಕರ್ಧ ಹುಡುಗರು ಚೂರಿ ಎಂದೇ ಬರೆಯುತ್ತಿದ್ದರು. ಒಬ್ಬನಂತೂ ಚೂರಿಯ ಹಿಡಿಕೆ ಹಿತ್ತಾಳೆಯದೆಂದು ಬರೆದ. ಆಮೇಲೆ ಆ ಬಾಳೆಹಣ್ಣನ್ನು ನಾನೇ ಸುಲಿದು ತಿನ್ನುತ್ತಿದ್ದೆ. ನಗುವೋ ನಗು.

ಆ ಬೇಸಿಗೆಯ ರಜೆಯಲ್ಲಿ ಶಹಾಬಾದಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ತರಬೇತಿ ಇತ್ತು. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಿಂದ ಬಂದಿದ್ದರು. ಗುರುಗಳನ್ನು ಉಪನ್ಯಾಸಕ್ಕೆ ಕರೆದಿದ್ದರು. ನಾಟಕಕ್ಕೆಂದು ನನ್ನನ್ನೂ ನನ್ನ ಸಹಪಾಠಿಯನ್ನೂ ಜೊತೆಗೆ ಕರೆದುಕೊಂಡು ಹೋದರು. ಆ ಸಹಪಾಠಿ ಸೇಡಮ್ಮಿನವನು, ನೋಡಲಿಕ್ಕೆ ಕಡ್ಡಿ, ಆದರೆ ಸಾಯುವ ಪಾರ್ಟು ಬಹಳ ಚೆನ್ನಾಗಿ ಮಾಡುತ್ತಿದ್ದ. ಶಾಲೆ ಹಾಸುಗಲ್ಲಿನ, ಅಂದರೆ ಅಲ್ಲಿಯವರ ಮಾತಿನ ಫರ್ಸಿಯ, ಖಣಿಯ ಅಂಚಿಗೇ ಇತ್ತು. ಗೋಡೆ ಕಲ್ಲು, ನೆಲ ಕಲ್ಲು, ನೆತ್ತಿಯ ಮೇಲೂ ಕಲ್ಲು. ಕಿಟಕಿಯಲ್ಲಿ ನೋಡಿದರೆ ಕೆಳಗೆ ಮಂದಿ ಹಾರೆ ಹಾಕಿ ಕಲ್ಲಿನ ಪದರು ಎಬ್ಬಿಸುತ್ತಿದ್ದರು.

ಶಹಾಬಾದಿನ ಪೇಟೆಯಲ್ಲಿ ಅವತ್ತು ಬಾಳೆಹಣ್ಣು ಸಿಗಲಿಲ್ಲ. ಉದ್ದನೆಯ ಸೌತೆಕಾಯಿ ತಂದೆ. ಗುರುಗಳು ಅದನ್ನು ಕೈಯಲ್ಲಿ ಹಿಡಿದು ನೋಡಿ, "ಇದೂ ಆಗುತ್ತೆ. ಆದರೆ ಈ ಸಲ ರಕ್ತ ಇರಬೇಕು" ಎಂದರು. ಕುಂಕುಮ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಸಹಪಾಠಿಯ ಅಂಗಿಯೊಳಗೆ ಇಡಬೇಕು, ಅವನು ಅದನ್ನು ಹಿಂಡಿಕೊಂಡು ಬೀಳಬೇಕು.

"ಸರ್, ಈ ಮಂದಿ ರಕ್ತ ನೋಡ್ಯಾರ್ರಿ. ರಜಾಕಾರರ ಕಾಲದಾಗೂ ನೋಡ್ಯಾರ, ಅದಾದ ಮ್ಯಾಲೂ ನೋಡ್ಯಾರ. ಬ್ಯಾಡ್ರಿ" ಎಂದೆ. ನಾನೂ ನೋಡಿದ್ದೆ. ಭೀಮೆಯಲ್ಲಿ ತೇಲಿ ಬಂದ ಹೆಣಗಳನ್ನು ಅಪ್ಪ ಹರಿಗೋಲಿನ ಹುಟ್ಟಿನಿಂದ ದಡಕ್ಕೆ ದೂಡುತ್ತಿದ್ದ. ಮೊದಲು ಒಂದು ಕಡೆಯವರ ಹೆಣ, ಆಮೇಲೆ ಇನ್ನೊಂದು ಕಡೆಯವರದು. ನೀರಿನಲ್ಲಿ ಊದಿಕೊಂಡ ಮೇಲೆ ಯಾರು ಯಾರ ಕಡೆಯವರೆಂದು ಗೊತ್ತಾಗುತ್ತಿರಲಿಲ್ಲ.

"ಅದಕ್ಕೇ ಕಣಯ್ಯ ಬೇಕು" ಎಂದರು ಗುರುಗಳು. ಅವರ ಕಣ್ಣು ಹೊಳೆಯುತ್ತಿತ್ತು. "ಪಟ್ಟಣದ ಹುಡುಗರ ನೆನಪು ಬೇರೆ. ರಕ್ತ ಕಂಡವರ ನೆನಪು ಹೇಗೆ ಕೆಲಸ ಮಾಡುತ್ತೆ ಅಂತ ಇದುವರೆಗೆ ನಾವು ನೋಡಿಲ್ಲ." ಗಂಟೆಯ ಬದಲು ಡ್ರಿಲ್ ಮಾಸ್ತರರ ಸೀಟಿ ಇಸಿದುಕೊಂಡರು. ಅಷ್ಟು ದೊಡ್ಡ ಕೋಣೆಗೆ ಕೈಗಂಟೆ ಸಾಲದೆಂದು.

ಆ ಸೀಟಿಯ ವಿಚಾರ ಇಲ್ಲಿಯೇ ಹೇಳಿಬಿಡಬೇಕು. ಆ ಖಣಿಯಲ್ಲಿ ಸೀಟಿಗೆ ಕಟ್ಟಳೆಯಿತ್ತು. ಉದ್ದಕ್ಕೆ ಒಂದೇ ಸಲ ಊದಿದರೆ ಊಟದ ಹೊತ್ತು. ತುಂಡು ತುಂಡಾಗಿ, ಮೇಲಿಂದ ಮೇಲೆ ಊದಿದರೆ ಯಾರೋ ಕಲ್ಲಿನಡಿ ಸಿಕ್ಕಿದ್ದಾರೆಂದು ಅರ್ಥ. ಆಗ ಯಾರೂ ಯಾಕೆ, ಏನು ಎಂದು ಕೇಳುವಂತಿಲ್ಲ. ಕೈಯಲ್ಲಿದ್ದ ಹಾರೆ ಹಿಡಿದುಕೊಂಡೇ ಸೀಟಿಯ ಕಡೆಗೆ ಓಡಬೇಕು. ಕಲ್ಲು ಎತ್ತಲಿಕ್ಕೆ ಒಂದು ಹಾರೆ ಕಡಿಮೆಯಾದರೆ ಕೆಳಗಿದ್ದವನು ಸತ್ತ. ಇದು ಗುರುಗಳಿಗೆ ಗೊತ್ತಿರಲಿಲ್ಲ. ಹೊಳೆಯ ದಂಡೆಯ ನನಗೂ ಗೊತ್ತಿರಲಿಲ್ಲ. ಹೊರಗಿನ ಊರುಗಳಿಂದ ಬಂದ ಮಾಸ್ತರರಿಗಂತೂ ಮೊದಲೇ ಗೊತ್ತಿರಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ನಾಟಕ ಶುರುವಾಯಿತು. ಸಹಪಾಠಿ ಮುಂದೆ, ನಾನು ಹಿಂದೆ. "ನಮ್ಮ ಮನಿ ಹಾಳ ಮಾಡ್ದಿ, ನಿನ್ನ ಬಿಡಂಗಿಲ್ಲ!" ಎಂದು ಚೀರುತ್ತ ಒಳಗೆ ನುಗ್ಗಿ, ಅವನ ಕೊರಳಪಟ್ಟಿ ಹಿಡಿದು, ಸೌತೆಕಾಯಿ ಎತ್ತಿ ಹೊಟ್ಟೆಗೆ ತಿವಿದೆ. ಅವನು ಅಂಗಿ ಹಿಂಡಿಕೊಂಡ. ಕೆಂಪು ನೀರು ಬಿಳಿ ಅಂಗಿಯ ಮೇಲೆ ಹರಡಿ ಕಲ್ಲಿನ ನೆಲಕ್ಕೆ ಚೆಲ್ಲಿತು. ಅವನು ಒಂದು ನರಳಾಟ ನರಳಿ ಬಿದ್ದ. ನಿಜ ಹೇಳಬೇಕೆಂದರೆ ನಾನೇ ಒಂದು ಕ್ಷಣ ಹೆದರಿದೆ.

ಮಾಸ್ತರರು ಹುಚ್ಚೆದ್ದರು. ಕೆಲವರು ಬಾಗಿಲಿಗೆ ಓಡಿದರು, ಕೆಲವರು ಒಬ್ಬರ ಮೇಲೊಬ್ಬರು ಬಿದ್ದರು. ಮುಂದಿನ ಸಾಲಿನಲ್ಲಿ ಚಿಂಚೋಳಿ ಕಡೆಯ ಹಿರಿಯ ಮಾಸ್ತರರೊಬ್ಬರು ಕೂತಿದ್ದರು. ಗಲಾಟೆಯ ಕಾಲದಲ್ಲಿ ಅವರ ತಮ್ಮನನ್ನು ಅವರ ಕಣ್ಣೆದುರಿಗೇ ಕಡಿದಿದ್ದರಂತೆ. ಅವರು ಕೂತಲ್ಲೇ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು "ಕಡದ್ರೋ, ಕಡದ್ರೋ" ಎಂದು ಅರಚತೊಡಗಿದರು. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಗುರುಗಳು ಸೀಟಿ ಊದಿದರು. ಯಾರೂ ಕೇಳಲಿಲ್ಲ. ಮತ್ತೆ ಊದಿದರು. ಮತ್ತೆ, ಮತ್ತೆ, ತುಂಡು ತುಂಡಾಗಿ, ಕೆನ್ನೆ ಉಬ್ಬಿಸಿ ಊದುತ್ತಲೇ ಹೋದರು.

ಖಣಿಯ ಮಂದಿ ಬಂದರು. ಬಾಗಿಲಲ್ಲಿ ಜಾಗ ಸಾಲದೆ ಕಿಟಕಿಯಿಂದಲೂ ಹಾರಿದರು. ಮೈತುಂಬ ಕಲ್ಲಿನ ಪುಡಿ, ಕೈಯಲ್ಲಿ ಎದೆಯೆತ್ತರದ ಹಾರೆ. ಕಲ್ಲಿನಡಿ ಸಿಕ್ಕ ತಮ್ಮವನನ್ನು ಎತ್ತಲೆಂದು ಬಂದವರಿಗೆ ಕಂಡದ್ದೇನು? ರಕ್ತದ ಮಡುವಿನಲ್ಲಿ ಬಿದ್ದ ಒಬ್ಬ ಹುಡುಗ, ಅವನ ಮೇಲೆ ಏನನ್ನೋ ಎತ್ತಿ ನಿಂತ ನಾನು.

ಮೊದಲ ಏಟು ಮೊಣಕೈಗೆ ಬಿತ್ತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಸೌತೆಕಾಯಿ ಎರಡು ತುಂಡಾಗಿ ಹಾರಿತು. ಅದನ್ನು ಯಾರೂ ನೋಡಲಿಲ್ಲ. ಹೊಡೆದವನು ತೆಳ್ಳಗಿನ ಹರೆಯದವನು, ಕೊರಳಲ್ಲಿ ಕರಿಯ ದಾರ, ಮೇಲಿನ ತುಟಿ ಸೀಳಿತ್ತು. ಅವನೇ ಮತ್ತೆ ಹಾರೆ ಎತ್ತಿ ಬೀಸಿದ. ಅದರ ತುದಿ ಬಲಗಣ್ಣಿಗೆ ಬಡಿಯಿತು. ನೋವಿಗಿಂತ ಮೊದಲು ಬಿಸಿ ಗೊತ್ತಾಯಿತು, ಕೆನ್ನೆಯ ಮೇಲೆ ಏನೋ ಬಿಸಿಬಿಸಿಯಾಗಿ ಇಳಿಯಿತು. ಬಿದ್ದೆ. ಆಮೇಲೆ ಒದ್ದರು, ಬೆನ್ನಿಗೆ, ಪಕ್ಕೆಗೆ, ತೊಡೆಗೆ. "ಖೂನಿ ಮಾಡ್ಯಾನ ಮಗ, ಹಾಕ್ರಿ ಅವ್ನಿಗಿ!" ಎನ್ನುತ್ತಿದ್ದರು. ಅಪ್ಪಾ ಎಂದೆನೋ, ಅವ್ವಾ ಎಂದೆನೋ ಗೊತ್ತಿಲ್ಲ. ಸಾಯುತ್ತೇನೆಂದು ಖಾತ್ರಿಯಾಯಿತು.

ಆಗ ನನ್ನ ಮೇಲೆ ಒಬ್ಬ ಮನುಷ್ಯ ಬಿದ್ದ. ಹೊಡೆಯಲಿಕ್ಕೆ ಬಿದ್ದದ್ದಲ್ಲ. ಕೋಳಿ ಮರಿಯ ಮೇಲೆ ಕೂತ ಹಾಗೆ ಕೈಕಾಲು ಚಾಚಿ ನನ್ನನ್ನು ಮುಚ್ಚಿಕೊಂಡ. ಭಾರವೆಂದರೆ ಭಾರ, ಉಸಿರೇ ನಿಂತಿತು. ಅವನ ಬಾಯಿ ನನ್ನ ಕಿವಿಗೆ ತಾಗಿತ್ತು. "ಅಲುಗ್ಯಾಡಬ್ಯಾಡ ತಮ್ಮಾ. ಸತ್ತಾಂಗ ಬೀಳು" ಎಂದ. ಆಮೇಲೆ ಬಿದ್ದ ಏಟುಗಳೆಲ್ಲ ಅವನ ಬೆನ್ನಿಗೆ. ಪ್ರತಿ ಏಟಿಗೂ ಅವನ ಮೈ ನಡುಗಿ ಆ ನಡುಕ ನನ್ನೊಳಗೆ ಇಳಿಯುತ್ತಿತ್ತು. ಅವನು ಹುಂ ಎಂದನೇ ಹೊರತು ಏಳಲಿಲ್ಲ.

ಹೊಡೆತ ನಿಲ್ಲಿಸಿದ್ದು ಸತ್ತವನು. ಸಹಪಾಠಿ ಮೊದಲು ಹೆದರಿ ಹಾಗೇ ಬಿದ್ದುಕೊಂಡಿದ್ದನಂತೆ. ಕಡೆಗೆ ಎದ್ದು ಕೂತು, ಎದೆತುಂಬ ಕುಂಕುಮದ ನೀರು ಸುರಿಸುತ್ತ, "ನಾಟಕರೀ! ನಾಟಕರೀ ಯಪ್ಪಾ!" ಎಂದು ಬಾಯಿ ಬಡಿದುಕೊಂಡ. ಹೆಣ ಎದ್ದದ್ದು ಕಂಡು ಒಬ್ಬನ ಕೈಯಿಂದ ಹಾರೆ ಜಾರಿ ಕಲ್ಲಿನ ಮೇಲೆ ಖಣ್ಣೆಂದಿತು. ನನ್ನ ಮೇಲಿದ್ದವನು ಮೆಲ್ಲಗೆ ಎದ್ದು, ನನ್ನನ್ನು ಅಂಗಾತ ಮಾಡಿ, ಎರಡೂ ಕೈಯಲ್ಲಿ ನನ್ನ ತಲೆ ಹಿಡಿದ. ಉಳಿದ ಒಂದು ಕಣ್ಣಿಗೆ ಅವನ ಮುಖ ಹತ್ತಿರದಿಂದ ಕಂಡಿತು. ದಪ್ಪ ಮೀಸೆ, ಅದರ ಮೇಲೆ ಬೆಳ್ಳಗೆ ಕಲ್ಲಿನ ಪುಡಿ. ನಾನು ಎಚ್ಚರ ತಪ್ಪಿದೆ.

ಕಲಬುರಗಿಯ ಆಸ್ಪತ್ರೆಯಲ್ಲಿ ಕಣ್ಣು ತೆಗೆದರು. ಕೈಗೆ ಪಟ್ಟಿ ಕಟ್ಟಿದರು. ಗುರುಗಳು ಮಂಚದ ಹತ್ತಿರವೇ ಇರುತ್ತಿದ್ದರು. ಗಂಜಿಯನ್ನು ಚಮಚದಿಂದ ಕುಡಿಸಿ, ನನ್ನ ಬಾಯಿ ಒರೆಸಿ, ಹೊರಗೆ ಹೋಗಿ ಅತ್ತು ಬರುತ್ತಿದ್ದರು. ಒಂದು ದಿನ ಮಾತ್ರ ಮುಖದಲ್ಲಿ ಸಮಾಧಾನ ಹೊತ್ತು ಬಂದರು. "ಹೊಡೆದವನು ಸಿಕ್ಕಿಬಿದ್ದ ಕಣಪ್ಪ. ಪೊಲೀಸರು ಸಾಲಾಗಿ ನಿಲ್ಲಿಸಿದ್ರು, ನಾನೇ ಗುರುತು ಹಿಡಿದೆ. ದಪ್ಪ ಮೀಸೆ. ನಿನ್ನ ಮೇಲೆ ಬಗ್ಗಿದ್ದ, ಎರಡೂ ಕೈಯಲ್ಲಿ ನಿನ್ನ ರಕ್ತ. ನೂರಕ್ಕೆ ನೂರು ಅವನೇ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಾಯಿ ತೆರೆಯಲು ನೋಡಿದೆ, ಆಗಲಿಲ್ಲ. ದವಡೆ ಊದಿಕೊಂಡಿತ್ತು. ತಲೆ ಅಲ್ಲಾಡಿಸಿದೆ. ನೋವಿಗೆ ಹಾಗೆ ಮಾಡುತ್ತಾನೆಂದು ತಿಳಿದು ನರ್ಸನ್ನು ಕರೆದರು.

ನನ್ನನ್ನು ಮುಚ್ಚಿಕೊಂಡಿದ್ದ ಆ ಮನುಷ್ಯನ ಹೆಂಡತಿ ಬಂದದ್ದು ನಾನು ಎದ್ದು ಕೂರುವ ಹೊತ್ತಿಗೆ. ಕುಂಚಾವರಂ ಕಾಡಿನ ಕಡೆಯಿಂದ ದುಡಿಯಲು ಬಂದ ಹೆಣ್ಣುಮಗಳು, ಮಾತಿನ ಎಳೆ ತೆಲುಗಿನದು. ಬಟ್ಟೆಯಲ್ಲಿ ಸಜ್ಜೆರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಕಾಲ ಹತ್ತಿರ ಕೂತು ಹೇಳಿದಳು: "ಯಪ್ಪಾ, ನಮ್ಮನಿಯವರಿಗಿ ಒಳಗ ಹಾಕ್ಯಾರ್ರಿ. ಬಾಯೇ ಬಿಡವಲ್ರು. ಬೆನ್ನು ನೋಡಿದ್ರ ಕರುಳು ಹರಿತದ. ಭುಜದಿಂದ ಟೊಂಕದ ತನ ಸೀಳ್ಯಾದ. ಪೊಲೀಸ್ರು ಒಯ್ಯಾಕಿಂತ ಮೊದಲ ಉಪ್ಪಿನ ಕಾವು ಕೊಟ್ಟೆ, ಎಕ್ಕಿ ಎಲಿ ಕಟ್ಟಿದೆ. ಹೊಡ್ದವ ಇವ್ರು ಅಂದ್ರ ಇವ್ರಿಗಿ ಹೊಡ್ದವ್ರು ಯಾರ್ರಿ?"

"ಅವ್ರ್ಯಾಕ ಹೇಳವಲ್ರು ಅಕ್ಕಾ?" ಎಂದೆ.

"ಹೆಂಗ ಹೇಳ್ತಾರ್ರಿ? ನಾಳಿ ಅವ್ರ ಜೋಡಿನೇ ಕಲ್ಲ ಎತ್ತಬೇಕಲ್ಲ. ಒಂದು ಫರ್ಸಿಗಿ ನಾಕು ಹಾರಿ ಹಾಕ್ತಾರ. ಒಬ್ಬ ಕೈಬಿಟ್ರ ಇನ್ನೊಬ್ಬನ ಕಾಲು ಹೋತು. ಜೋಡಿಯವ್ನ ಹೆಸರು ಪೊಲೀಸ್ರ ಮುಂದ ಹೇಳ್ದವ್ನ ಸಂಗಾಟ ಯಾರೂ ಹಾರಿ ಹಾಕಂಗಿಲ್ರಿ." ಅವಳು ಅಳಲಿಲ್ಲ. ರೊಟ್ಟಿ ಬಿಚ್ಚಿಟ್ಟು, "ನೀವು ಉಳದ್ರಿ, ಅಷ್ಟ ಸಾಕು. ಅವರಿಗೀಗ ಹೆಂಗರ ಮಾಡಿ ಬಿಡಸ್ರಿ" ಎಂದು ಸೆರಗು ಹೊದ್ದು ಹೋದಳು. ನನಗೆ ಜಗಿಯಲಾಗುತ್ತಿರಲಿಲ್ಲ. ಆದರೂ ನೀರಿನಲ್ಲಿ ನೆನೆಸಿ ಆ ರೊಟ್ಟಿ ತಿಂದೆ.

ಮರುದಿನ ಗುರುಗಳಿಗೆ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟ ಹುಡುಗನ ಮಾತನ್ನು ಕೇಳುವ ತಾಳ್ಮೆ. ಆಮೇಲೆ ನನ್ನ ಕೈ ಹಿಡಿದು, "ನೋಡಪ್ಪ, ತಲೆಗೆ ಏಟು ಬಿದ್ದಿದೆ. ಅಂಥ ಹೊತ್ತಿನಲ್ಲಿ ಮನಸ್ಸು ಯಾರನ್ನಾದರೂ ಹಿಡ್ಕೊಳ್ಳುತ್ತೆ. ಹತ್ತಿರ ಇದ್ದವನನ್ನೇ ಕಾಪಾಡಿದವನು ಅಂತ ಕಟ್ಟಿಕೊಳ್ಳುತ್ತೆ. ಇದು ನಿನ್ನ ತಪ್ಪಲ್ಲ" ಎಂದರು.

ಥೂ! ನನಗೆ ಬಂದ ಸಿಟ್ಟಿಗೆ ಮುರಿದ ಕೈಯನ್ನೇ ಮಂಚಕ್ಕೆ ಬಡಿದೆ. "ಸರ್, ನನ್ನ ಮೈಮ್ಯಾಲ ಬಿದ್ದಾಂವ ಮನುಷ್ಯಾನ್ರಿ! ಸಿದ್ಧಾಂತ ಅಲ್ಲ! ಅವ್ನ ಬೆವರು ನನ್ನ ಬಾಯಾಗ ಬಿದ್ದದ!" ನೋವಿಗೆ ಕಣ್ಣು ಕತ್ತಲೆ ಬಂತು. ಗುರುಗಳು ಹಣೆ ಸವರಿ, "ಮಲಗು, ಮಲಗು" ಎಂದರು. ಆ ಪ್ರೀತಿಯೇ ನನಗೆ ವಿಷವಾಯಿತು. ಬೈದಿದ್ದರೆ ಎದುರು ಬೈಯಬಹುದಿತ್ತು.

ಚಿತ್ತಾಪುರದ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಮಾಸ್ತರರು ಒಬ್ಬೊಬ್ಬರಾಗಿ ಬಂದು ನನ್ನ ಕೈಯಲ್ಲಿ ಚೂರಿ ಇತ್ತೆಂದೇ ಹೇಳಿದರು. ಸೌತೆಕಾಯಿ ಎಂದು ಪೊಲೀಸರು ಹೇಳಿಕೊಟ್ಟರೂ, ಚಿಂಚೋಳಿಯ ಹಿರಿಯರು, "ಇರ್ಬಹುದ್ರಿ. ಆದ್ರ ನಾ ನೋಡಿದ್ದು ಚೂರಿ" ಎಂದು ಅಳತೊಡಗಿದರು. ಹೊಡೆದವರ ಮುಖ ಅವರಲ್ಲಿ ಯಾರಿಗೂ ನೆನಪಿರಲಿಲ್ಲ. ಕಣ್ಣು ಮುಚ್ಚಿ ಬಿದ್ದಿದ್ದ ಸಹಪಾಠಿ ಏನನ್ನೂ ಕಂಡಿರಲಿಲ್ಲ. ಹೀಗಾಗಿ ಉಳಿದ ಸಾಕ್ಷಿ ಒಂದೇ, ನಮ್ಮ ಗುರುಗಳು. ಅವರು ಕೋಟು ಹಾಕಿ, ರುಮಾಲು ಸುತ್ತಿ, ನೆಟ್ಟಗೆ ನಿಂತು ಆ ಮನುಷ್ಯನತ್ತ ಬೆರಳು ತೋರಿದರು. ಅವನು ಕಟಕಟೆಯಲ್ಲಿ ಬೇಡಿ ಹಾಕಿಸಿಕೊಂಡು ನೆಲ ನೋಡುತ್ತಿದ್ದ. ಹಿಂದೆ ಖಣಿಯ ಮಂದಿ ಗೋಡೆಗೆ ಒರಗಿ ಕೂತಿದ್ದರು, ಅವರ ನಡುವೆ ತುಟಿ ಸೀಳಿದ ಆ ಹರೆಯದವನೂ ಇದ್ದ. ಅವನ ಮುಖ ಸುಣ್ಣವಾಗಿತ್ತು.

ಕಟಕಟೆಯಲ್ಲಿದ್ದವನ ಪರ ವಕೀಲರು ಚಿತ್ತಾಪುರದವರೇ, ವಯಸ್ಸಾದವರು. "ಸಾಬ್ರೆ, ಕಣ್ಣಿಂದ ಕಂಡದ್ದೆಲ್ಲ ನಂಬಬಾರದಂತ ಕಲಸೋರು ನೀವೇ ಅಲ್ಲೇನ್ರಿ?" ಎಂದು ಕೇಳಿದರು.

"ಹೌದು. ತಪ್ಪು ಮಾಡೋರು ತಯಾರಿಲ್ಲದೆ ನೋಡಿದವರು. ನಾನು ತಯಾರಾಗಿ ನಿಂತಿದ್ದೆ. ಏನಾಗುತ್ತೆ ಅಂತ ನನಗೆ ಗೊತ್ತಿತ್ತು. ನೋಡೋದೇ ನನ್ನ ಕಸುಬು."

"ಖಣಿ ಮಂದಿ ಬರ್ತಾರಂತ ಗೊತ್ತಿತ್ತೇನ್ರಿ?"

ಗುರುಗಳು ಕನ್ನಡಕ ತೆಗೆದು ಒರೆಸಿದರು. "ಇಲ್ಲ" ಎಂದರು. ಮತ್ತೆ ಹಾಕಿಕೊಂಡು, "ಆದರೂ ಇವನೇ" ಎಂದರು.

ನನ್ನ ಸರದಿ ಬಂತು. ಇವನೇ ನನ್ನನ್ನು ಉಳಿಸಿದವನು ಎಂದೆ. ಸರಕಾರಿ ವಕೀಲ ಗುರುಗಳ ಮಾತನ್ನೇ ನನ್ನ ಮೇಲೆ ತಿರುಗಿಸಿದ: ತಲೆಗೆ ಪೆಟ್ಟು ಬಿದ್ದವನ ನೆನಪು, ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದರಲ್ಲಿ ರಕ್ತ, ಇದನ್ನು ಹೇಗೆ ನಂಬುವುದು? ಮ್ಯಾಜಿಸ್ಟ್ರೇಟರು ತಲೆದೂಗಿದರು. ತಲೆದೂಗಿದ್ದನ್ನು ಕಂಡು ನನ್ನ ತಲೆ ಕೆಟ್ಟಿತು. ಶಾಸ್ತ್ರವೆಲ್ಲ ಸರಿ, ಪ್ರಶ್ನೆಯೆಲ್ಲ ಸರಿ, ಮನುಷ್ಯ ಮಾತ್ರ ಜೈಲಿಗೆ! ಅವನ ಹೆಂಡತಿ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು.

ಸಾಕ್ಷಿಯ ಜಾಗದಿಂದ ಇಳಿದು ಸೀದಾ ಕಟಕಟೆಗೆ ಹೋದೆ. ಪೊಲೀಸನೊಬ್ಬ ನನ್ನ ಹೆಗಲು ಹಿಡಿದ, ಕೊಡವಿಕೊಂಡೆ. ಆ ಮನುಷ್ಯನ ಅಂಗಿಯ ಬೆನ್ನಿಗೆ ಕೈ ಹಾಕಿದೆ. ಅವನಿಗೆ ನಾನೇನು ಮಾಡುತ್ತೇನೆಂದು ತಿಳಿಯಿತು. ಬೇಡಿಯ ಕೈಯಲ್ಲೇ ಅಂಗಿಯ ಅಂಚನ್ನು ಬಿಗಿಯಾಗಿ ಹಿಡಿದು, "ಬ್ಯಾಡ ತಮ್ಮಾ, ಬ್ಯಾಡ" ಎಂದ. ಅದೇ ದನಿ. "ನೀ ಸುಮ್ಕಿರು!" ಎಂದು ಅವನ ಮೇಲೆಯೇ ಅರಚಿದೆ. ಇಬ್ಬರೂ ಜಗ್ಗಾಡಿದೆವು. ಬೇಡಿಯ ಕಬ್ಬಿಣ ನನ್ನ ಹಲ್ಲಿಗೆ ಬಡಿದು ಬಾಯಲ್ಲಿ ರಕ್ತ ಬಂತು. ಪೊಲೀಸ ನನ್ನ ಬೆನ್ನಿಗೆ ಲಾಠಿ ಹಾಕಿದ. ನಾನು ಬಿಡಲಿಲ್ಲ. ಒಂದೇ ಕೈ ಆಡುತ್ತಿದ್ದರೂ ಎಳೆದೆ, ಅಂಗಿ ಪರ್‌ರೆಂದು ಹರಿಯಿತು.

ಆ ಬೆನ್ನನ್ನು ಹೇಗೆ ಹೇಳಲಿ? ಭುಜದಿಂದ ಸೊಂಟದವರೆಗೆ ಅಡ್ಡಡ್ಡ ಬರೆಗಳು, ಹಾರೆಯ ದಪ್ಪಕ್ಕೆ ಸರಿಯಾಗಿ. ಕೆಲವು ಕಪ್ಪಾಗಿದ್ದವು, ಕೆಲವು ಇನ್ನೂ ಬಾಯಿ ಕೂಡಿರಲಿಲ್ಲ. ಒಂದು ಕಡೆ ಪಕ್ಕೆಲುಬು ಒಳಗೆ ಕುಸಿದಿತ್ತು. "ಸಾಬ್ರೆ, ಹೊಡೆಯೋನು ತನ್ನ ಬೆನ್ನಿಗಿ ತಾನೇ ಹಾರಿ ಹಾಕ್ಕೋತಾನೇನ್ರಿ?" ಎಂದೆ.

ಮ್ಯಾಜಿಸ್ಟ್ರೇಟರು ಎದ್ದು ಬಂದು ಹತ್ತಿರದಿಂದ ನೋಡಿದರು. "ಯಾರು ಹೊಡ್ದಾರೋ ನಿನಗ?" ಎಂದು ಕೇಳಿದರು.

ಅವನು ಹಿಂದೆ ಕೂತ ಮಂದಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಫರ್ಸಿ ಬಿತ್ರಿ ಸಾಬ್" ಎಂದ.

ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನನ್ನ ಕಡೆ ತಿರುಗಿ, "ನಿನ್ನ ಕಣ್ಣಿಗಿ ಹೊಡ್ದವ ಈ ಕೋರ್ಟಿನಾಗ ಹಾನೇನು?" ಎಂದರು. ತುಟಿ ಸೀಳಿದವನು ಗೋಡೆಗೆ ಅಂಟಿಕೊಂಡಿದ್ದ. ನನ್ನ ಕೈ ಏಳಲು ತವಕಿಸಿತು. ಕಟಕಟೆಯ ಮನುಷ್ಯ ನನ್ನನ್ನು ನೋಡಿದ. ಈ ಬೆನ್ನಿನ ಮೇಲೆ ತಿಂದ ಏಟನ್ನೆಲ್ಲ ಒಂದು ಬೆರಳಿನಿಂದ ನೀರುಪಾಲು ಮಾಡುತ್ತೀಯಾ ಎಂದು ಕೇಳುವ ಹಾಗೆ ನೋಡಿದ. "ಧೂಳಿನಾಗ ಕಾಣಲಿಲ್ರಿ" ಎಂದೆ. ಕಣ್ಣು ಹೋದ ಸಂಕಟ ಆ ಗಳಿಗೆಯಲ್ಲಿ ಆದಷ್ಟು ಮತ್ತೆಂದೂ ಆಗಲಿಲ್ಲ.

ಅವನನ್ನು ಬಿಟ್ಟರು. ಹೊರಗೆ ಬೇವಿನ ಮರದಡಿ ಅವನ ಹೆಂಡತಿ ಹರಿದ ಅಂಗಿಯ ಮೇಲೆ ತನ್ನ ಸೆರಗು ಹೊದಿಸಿದಳು. ನಾನು ಅವನ ಕಾಲು ಮುಟ್ಟಲು ಹೋದರೆ, "ಹುಚ್ಚದ ಏನು? ಕಾಯಿ ಹಿಡ್ಕೊಂಡು ಖೂನಿ ಮಾಡಾಕ ಹೋಗ್ತಿ, ಈಗ ಕೋರ್ಟಿನಾಗ ಅಂಗಿ ಹರೀತಿ" ಎಂದು ಬೈದ. ತುಟಿ ಸೀಳಿದವನು ದೂರದಲ್ಲಿ ನಿಂತಿದ್ದ. ಆಮೇಲೆ ಎಲ್ಲರೂ ಒಟ್ಟಿಗೇ ಶಹಾಬಾದಿನ ಕಡೆ ಹೊರಟರು.

ಗುರುಗಳೂ ನಾನೂ ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದಿನ ಗಾಡಿಗೆ ಕಾಯುತ್ತ ಕೂತೆವು. ಬಿಸಿಲಿಗೆ ಹಳಿಗಳು ಕಣ್ಣು ಕುಕ್ಕುತ್ತಿದ್ದವು. ಅವರು ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೋಳುತಲೆಯ ಗುರುಗಳು ಏಕಾಏಕಿ ಮುದುಕರಾಗಿ ಕಂಡರು. ಗಾಡಿಯೊಂದು ಬಂದು ಹೋದ ಮೇಲೆ ಹೇಳಿದರು: "ಬೆನ್ನು ನೋಡಿದೆ ಕಣಪ್ಪ. ಅವನು ನಿರಪರಾಧಿ ಅಂತ ಗೊತ್ತಾಯಿತು. ಕೋರ್ಟಿನಲ್ಲಿ ಎದ್ದು ನಿಂತು ನನ್ನದು ತಪ್ಪಾಯ್ತು ಅನ್ನಬೇಕಿತ್ತು, ಬಾಯೇ ಬರಲಿಲ್ಲ. ಯಾಕೆ ಗೊತ್ತಾ? ಕಣ್ಣು ಮುಚ್ಚಿದರೆ ಈಗಲೂ ಹಾರೆ ಎತ್ತಿ ನಿಂತವನು ಅವನೇ. ಮೀಸೆ, ಪುಡಿ, ಎಲ್ಲಾ ಸಮೇತ. ಗೊತ್ತಿದ್ದೂ ಅಳಿಸೋದಕ್ಕೆ ಆಗ್ತಿಲ್ಲ. ನಾನೇನು ಮಾಡಲಿ?"

ಅವರ ಕೆನ್ನೆಗೆ ಬಾರಿಸಬೇಕೆನಿಸಿತು. ಸುಳ್ಳು ಹೇಳುವುದಿಲ್ಲ, ಕೈ ಮುಷ್ಟಿಯೂ ಆಯಿತು. ನನ್ನ ಅನ್ನದಾತ, ನನ್ನ ಗುರು, ನನ್ನ ಬಾಯಿ ಒರೆಸಿದವರು. ಎದ್ದು ಹೋಗಿ ಕಿತ್ತಳೆಹಣ್ಣು ಕೊಂಡು ತಂದೆ. ಮುರಿದ ಕೈಯ ನನಗೆ ಸುಲಿಯಲಾಗಲಿಲ್ಲ, ಅವರೇ ಸುಲಿದು ಕೊಟ್ಟರು. ಇಬ್ಬರೂ ತಿಂದೆವು.

ಅವರು ಆಮೇಲೆ ಆ ನಾಟಕವನ್ನು ಎಂದೂ ಆಡಿಸಲಿಲ್ಲ. ನಾನು ಅದೇ ವಿಷಯ ಕಲಿಸುತ್ತ ಮುದುಕನಾದೆ. ಅವರ ಮೇಲಿನ ಸಿಟ್ಟು ಬಹಳ ವರ್ಷ ಇತ್ತು. ಈಗ ಅದೂ ಇಲ್ಲ, ಕಾರಣ ಹೇಳಿಬಿಡುತ್ತೇನೆ. ಕೊರಳಲ್ಲಿ ಕರಿಯ ದಾರ, ಸೀಳಿದ ತುಟಿ ಎಂದು ಮೇಲೆ ಬರೆದೆನಲ್ಲ, ಆ ಮಾತುಗಳಷ್ಟೇ ನನ್ನಲ್ಲಿ ಉಳಿದಿವೆ. ಮುಖ ಎಂದೋ ಹೋಗಿದೆ. ಮಧ್ಯಾಹ್ನ ಉಂಡು ಅಡ್ಡಾದಾಗ ಆಗಾಗ ಅದೇ ಕನಸು ಬೀಳುತ್ತದೆ. ಸೀಟಿ ಊದುತ್ತದೆ, ಕಿಟಕಿಯಿಂದ ಮಂದಿ ಹಾರುತ್ತಾರೆ, ಒಬ್ಬ ನನ್ನ ಕಣ್ಣಿಗೆ ಹಾರೆ ಬೀಸುತ್ತಾನೆ. ನೋಡಿದರೆ ಅವನಿಗೆ ದಪ್ಪ ಮೀಸೆ, ಮೀಸೆಯ ಮೇಲೆ ಕಲ್ಲಿನ ಪುಡಿ. ಕೋರ್ಟಿನಲ್ಲಿ ಯಾರ ಅಂಗಿ ಹರಿದು ಬಿಡಿಸಿದೆನೋ ಅವನೇ ನನ್ನನ್ನು ಹೊಡೆಯುತ್ತಾನೆ. ನಾನು ಬೀಳುತ್ತೇನೆ. ಆಮೇಲೆ ಬೆನ್ನ ಮೇಲೆ ಆ ಭಾರ ಬಂದು ಬೀಳುತ್ತದೆ, ಉಸಿರು ಕಟ್ಟುತ್ತದೆ, ಕಿವಿಯಲ್ಲಿ "ಅಲುಗ್ಯಾಡಬ್ಯಾಡ ತಮ್ಮಾ" ಎಂದು ಕೇಳುತ್ತದೆ. ಅದೂ ಅವನೇ. ನಾನು ಅಲುಗಾಡದೆ ಮಲಗಿರುತ್ತೇನೆ.